ಐದರ ಮೇಲಿನ ಖಾಲಿ ವೃತ್ತ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಸಹೋದ್ಯೋಗಿಗಳೇ, ಬಿಸಿಲಲ್ಲಿ ಬಂದು ಕೂತಿರುವ ಸಭಿಕರೇ,

ನನಗಿಂತ ಮೊದಲು ಮಾತಾಡಿದವರು ಗಣಿತ ಕಬ್ಬಿಣದ ಕಡಲೆ ಎಂದರು. ಮೂವತ್ತೊಂದು ವರ್ಷದಿಂದ ಈ ಮಾತು ಕೇಳಿ ಕೇಳಿ ನನ್ನ ಕಿವಿಯೇ ಕಬ್ಬಿಣವಾಗಿದೆ. ಪ್ರವೇಶ ಪರೀಕ್ಷೆಯಲ್ಲಿ ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ತಂದವನೆಂದು ಈಗಷ್ಟೇ ನನಗೆ ಫಲಕ ಕೊಟ್ಟಿರಿ. ಇದು ಹೇಗೆ ಬಂತು ಎಂದು ಒಬ್ಬರಾದರೂ ಕೇಳಿದಿರಾ?

ನನ್ನ ತರಗತಿಯಲ್ಲಿ ನಲವತ್ತಮೂರು ಮಕ್ಕಳು. ಪರೀಕ್ಷೆ ಬರೆದವರು ನಲವತ್ತೆರಡು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಐವತ್ತು ಅಂಕ ಬಾರದವರನ್ನು ಕಳಿಸಕೂಡದು ಎಂಬುದು ನಮ್ಮ ಆಡಳಿತ ಮಂಡಳಿಯ ಜಾಣತನ. ಸೋಲುವವರನ್ನು ಬಾಗಿಲಲ್ಲೇ ತಡೆದರೆ ಎಲ್ಲರೂ ಗೆದ್ದಂತೆಯೇ ಅಲ್ಲವೇ? ಇದಕ್ಕೆ ಗಣಿತ ಮೇಷ್ಟ್ರು ಯಾಕೆ ಬೇಕು, ಕಾವಲುಗಾರ ಸಾಕು.

ಆ ನಲವತ್ತಮೂರನೆಯವಳು ಗಡಿಯಾರ ರಿಪೇರಿಯವರ ಮಗಳು. ಅವಳಿಗೆ ಬಂದದ್ದು ನಲವತ್ತೊಂಬತ್ತು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಆ ಪೂರ್ವಸಿದ್ಧತಾ ಪರೀಕ್ಷೆಯ ಒಂದು ಲೆಕ್ಕ: ಮೈನಸ್ ಮೂರು ಎಕ್ಸ್, ಮೈನಸ್ ಹದಿನೈದಕ್ಕಿಂತ ಹೆಚ್ಚು. ಬಿಡಿಸಿ, ಸಂಖ್ಯಾರೇಖೆಯ ಮೇಲೆ ಗುರುತಿಸಿ. ಮೈನಸ್ ಮೂರರಿಂದ ಭಾಗಿಸಿದೊಡನೆ ಚಿಹ್ನೆ ತಿರುಗಬೇಕು. ಎಕ್ಸ್ ಐದಕ್ಕಿಂತ ಕಡಿಮೆ. ಐದು ಸೇರುವುದಿಲ್ಲ, ಆದ್ದರಿಂದ ಐದರ ಮೇಲೆ ಖಾಲಿ ವೃತ್ತ. ಐದೂ ಸೇರುವುದಾದರೆ ಮಾತ್ರ ವೃತ್ತ ತುಂಬಬೇಕು. ಅರ್ಧ ತರಗತಿ ಚಿಹ್ನೆ ತಿರುಗಿಸುವುದನ್ನೇ ಮರೆತಿತ್ತು. ಆ ಹುಡುಗಿ ಮರೆಯಲಿಲ್ಲ. ಚಿಹ್ನೆ ತಿರುಗಿಸಿದಳು, ಎಡಕ್ಕೆ ಗೆರೆ ಎಳೆದಳು, ವೃತ್ತ ಖಾಲಿ ಬಿಟ್ಟಳು.

ಅವಳಿಗೆ ಒಂದು ಅಂಕ ಕಳೆದರು. ಮಾದರಿ ಉತ್ತರದಲ್ಲಿ ವೃತ್ತ ತುಂಬಿತ್ತಂತೆ. ಎಂಥ ಅನ್ಯಾಯ ನೋಡಿ. ಅವಳು ಸಿಬ್ಬಂದಿ ಕೋಣೆಗೆ ಬಂದು, "ಸರ್, ಲೆಕ್ಕದಲ್ಲಿ ಸಮ ಚಿಹ್ನೆನೇ ಇಲ್ಲ, ವೃತ್ತ ಯಾಕೆ ತುಂಬಬೇಕು?" ಎಂದಳು. ಎದುರಿಗಿದ್ದವರು ಚಹಾದ ಲೋಟದಿಂದ ತಲೆ ಎತ್ತಲಿಲ್ಲ. "ಮಾದರಿ ಉತ್ತರ ಸರಿಯಾಗೇ ಇರುತ್ತೆ, ಹೋಗಮ್ಮ" ಅಂದುಬಿಟ್ಟರು. ಅವಳು ಹೋದಳು.

ನಿನ್ನೆ ಈ ಭಾಷಣವನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನವಳು ಪೂರ್ತಿ ಕೇಳಿ, "ಬೈಗುಳವೆಲ್ಲ ಬೇರೆಯವರಿಗೇ ಆಯ್ತಲ್ಲ, ನಿಮ್ಮ ಪಾಲು ಎಲ್ಲಿ?" ಅಂದಳು.

ಸಭಿಕರೇ, ಆ ಮಾದರಿ ಉತ್ತರ ಬರೆದವನು ನಾನು. ಚಹಾ ಕುಡಿಯುತ್ತಿದ್ದವನು ನಾನು. ತಡೆಯಬೇಕಾದವರ ಪಟ್ಟಿಗೆ ಸಹಿ ಹಾಕಿದವನೂ ನಾನೇ. ಹೋದ ವಾರ ಕಪಾಟು ಒರೆಸುವಾಗ ಅವಳ ಉತ್ತರ ಪತ್ರಿಕೆ ಸಿಕ್ಕಿತು. ನನ್ನ ಕೆಂಪು ಶಾಯಿ ಅವಳ ಖಾಲಿ ವೃತ್ತವನ್ನು ತುಂಬಿಬಿಟ್ಟಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ "ಉತ್ತರ ಬಂದ ಮೇಲೆ ಇನ್ನೊಮ್ಮೆ ತಾಳೆ ನೋಡಿ" ಎಂದು ಗಂಟಲು ಹರಿದುಕೊಂಡವನು ನಾನು. ನನಗೆ ನನ್ನ ಮೇಲೆ ಬಂದಿರುವ ಸಿಟ್ಟು ಈ ಮೈಕಿನಲ್ಲಿ ಹಿಡಿಸುವುದಿಲ್ಲ.

ಅವಳನ್ನು ಇಲ್ಲಿಗೆ ಕರೆದಿಲ್ಲ. ಸಭೆಯಲ್ಲಿ ನಿಲ್ಲಬೇಕಾದವನು ತಪ್ಪು ಮಾಡಿದವನು. ಮೊನ್ನೆ ಅವರ ಅಂಗಡಿಗೆ ಹೋಗಿ ಅಪ್ಪ ಮಗಳಿಬ್ಬರಲ್ಲೂ ಕ್ಷಮೆ ಕೇಳಿದೆ. ಅವಳು, "ಹಾಗಾದ್ರೆ ನಂದು ಐವತ್ತು ಅಲ್ವಾ ಸರ್?" ಎಂದಷ್ಟೇ ಕೇಳಿದಳು.

ಐವತ್ತಮ್ಮ. ಐವತ್ತೇ.

ಪ್ರವೇಶ ಪರೀಕ್ಷೆ ತಪ್ಪಿದವರಿಗೆ ಎರಡನೇ ಸುತ್ತು ಇದೆ, ಅದಕ್ಕೆ ಅರ್ಜಿ ಅಂಚೆಗೆ ಹಾಕಲು ಇಂದು ಸಂಜೆಯೇ ಕೊನೆ. ಅವಳ ಅರ್ಜಿ ನನ್ನ ಕೈಯಲ್ಲಿದೆ. ಅಧ್ಯಕ್ಷರ ಸಹಿ ಒಂದು ಬಾಕಿ. ಎರಡು ದಿನ ಕಚೇರಿಗೆ ಅಲೆದೆ, ಸಾಹೇಬರು ವಾರ್ಷಿಕೋತ್ಸವದ ಗಡಿಬಿಡಿಯಲ್ಲಿದ್ದಾರೆ ಎಂದರು. ಈಗ ಪಕ್ಕದಲ್ಲೇ ಇದ್ದಾರೆ. ಫಲಕವನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ನಲವತ್ತಮೂರಕ್ಕೆ ನಲವತ್ತಮೂರು ಆದ ದಿನ ಒಯ್ಯುತ್ತೇನೆ. ಅಧ್ಯಕ್ಷರೇ, ಪೆನ್ನು ಹುಡುಕಬೇಡಿ, ನನ್ನದೇ ಇದೆ. ಕೆಂಪು ಅಲ್ಲ, ನೀಲಿ.

ಅಲ್ಲಲ್ಲ, ಸ್ವಲ್ಪ ಕೆಳಗೆ. ಆ ಖಾಲಿ ಜಾಗದಲ್ಲಿ. ಹಾಂ, ಅದನ್ನು ಮಾತ್ರ ತುಂಬಬೇಕು.

ಉಪಕಾರವಾಯಿತು. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆ. ಅಂಚೆ ಕಚೇರಿ ಮುಚ್ಚುವ ಮೊದಲು ನಾನು ಹೊರಡಬೇಕು. ನಮಸ್ಕಾರ.