ನೆಲಕ್ಕಿಳಿಸದ ಕರೆಂಟು

ಸುಟ್ಟಗಾಯದ ವಾರ್ಡಿನ ಹೊರಗೆ, ನನ್ನ ಎದುರು ಬೆಂಚಿನಲ್ಲಿ, ಒಬ್ಬಾಕೆ ಗಂಡನ ಕಾಲರ್ ಹಿಡಿದಿದ್ದಳು. ಗಂಡ ಕರೆಂಟ್ ಕೇಬಲ್ ಮೇಸ್ತ್ರಿ. ಒಳಗಿದ್ದವನು ಆಕೆಯ ತಮ್ಮ.

“ಕೇಬಲಲ್ಲಿ ಕರೆಂಟಿಲ್ಲ, ಮುಟ್ಟು ಅಂತ ಅವನಿಗೆ ಹೇಳಿದ್ದು ನೀವೇ ತಾನೆ?”

“ಸ್ವಿಚ್ ಆಫ್ ಮಾಡಿದ್ದೆ ಕಣೇ.”

“ಅರ್ಥಿಂಗ್ ಕೊಟ್ಟಿದ್ರಾ?”

“ಅದರ ವೈರ್ ವ್ಯಾನಲ್ಲೇ ಉಳೀತು. ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯೋ ಕೆಲಸ ಅಂತ...”

ಕೆನ್ನೆಗೆ ಬಿಗಿದಳು. ಅವನ ಕನ್ನಡಕ ನನ್ನ ಕಾಲ ಬಳಿ ಬಂದು ಬಿತ್ತು.

“ಆಫ್ ಮಾಡಿದ್ರೂ ಅಷ್ಟು ದೊಡ್ಡ ಕೇಬಲ್ ಒಳಗೆ ಕರೆಂಟ್ ಉಳ್ದಿರುತ್ತೆ, ನೆಲಕ್ಕಿಳಿಸದೆ ಮುಟ್ಟಿದೋನು ಹೆಣ ಅಂತ ಊಟಕ್ಕೆ ಕೂತಾಗೆಲ್ಲ ನನ್ ತಲೆ ತಿಂತಿದ್ರಲ್ಲ!”

“ತಪ್ಪಾಯ್ತು.”

“ತಪ್ಪಾ? ಎರಡೂ ಕೈ ತೆಗೀಬೇಕಂತೆ ಕಣ್ರೀ!”

ಬಾಗಿಲು ತೆರೆದು ನರ್ಸ್ ಕರೆದಳು. ಎದ್ದವಳು ತೂರಾಡಿದಳು. ಅವನು ಹಿಡಿಯಲು ಕೈ ಚಾಚಿದ.

“ಮುಟ್ಬೇಡಿ. ನಂಗೂ ಅರ್ಥಿಂಗ್ ಕೊಟ್ಟಿಲ್ಲ.”

ಒಬ್ಬಳೇ ಒಳಗೆ ಹೋದಳು.