ಲಿಂಗ ಹಿಡಿಯುವ ಕೈ

ಬೆಳಗಾವಿಯಲ್ಲಿ ಡಯಾಲಿಸಿಸ್ ಮುಗಿಸಿ ಖಾನಾಪುರಕ್ಕೆ ಮರಳುತ್ತಿದ್ದ ಅಜ್ಜ ಮತ್ತು ಅವರ ಮೊಮ್ಮಗಳು ದಾನೇಶ್ವರಿ, ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದರು.

“ಮುಂಜಾನಿ ಪೂಜಿಯೊಳಗ ಎಡಗೈಯಾಗಿಂದ ಲಿಂಗ ಜಾರಿ ಬಿತ್ತವ್ವ.”

“ಅಯ್ಯ, ಹೇಳಲೇ ಇಲ್ಲಲ್ಲ ಅಜ್ಜಾ!”

“ಏನಂತ ಹೇಳ್ಲಿ? ಸೂಜಿ ಚುಚ್ಚೂ ಕೈ, ಜೋಮು ಹಿಡಿತೈತಿ. ಬೆರಳು ಮಡಚಂಗಿಲ್ಲ.”

“ಬಲಗೈಯಾಗ ಹಿಡಿ.”

“ಮತ್ತ ಪತ್ರಿ ಎದರಲೆ ಏರಸ್ಲಿ, ಮೂಗಿಲೇನು?”

“ನಾ ಹಿಡಿತೀನಿ ತಗೊ.”

“ನಮ್ಮಪ್ಪ ನನ್ನ ಕೊರಳಿಗೆ ಕಟ್ಟಿದ್ದು. ಇನ್ನೊಬ್ಬರ ಕೈಗೆ ಕೊಡೂದಲ್ಲ ಅದು.”

“ಹಂಗಾರ ಸೂಜಿ ಬಲಗೈಗೆ ಹಾಕ್ರಿ ಅನ್ನೂಣು.”

“ಕೇಳೀನಿ. ಅದರ ನರ ಭಾಳ ಸಣ್ಣವು ಅಂದ್ರು.”

“ಹಂಗಾರ ನಾಳಿ ಪೂಜಿ?”



ಖಾನಾಪುರ ಬಂತು. ಇಳಿಸಲು ಅವರ ಎಡಗೈ ಹಿಡಿಯಹೋದ ದಾನೇಶ್ವರಿ, ಎಲ್ಲಿ ಮುಟ್ಟಬೇಕೋ ತಿಳಿಯದೆ, ಅಂಗಿಯ ತುದಿ ಹಿಡಿದುಕೊಂಡಳು.