ಕುರಾಶಿಗೆಯವರ ಹಿಡಿತ

ಕಾನಾಜಾವಾದ ಆಸ್ಪತ್ರೆಯಲ್ಲಿ ಕುತ್ತಿಗೆ ನೋವಿಗೆಂದು ಸರದಿ ಕಾಯುತ್ತಿದ್ದ ತೊಯೊಕೊಗೆ ಪಕ್ಕದ ಬೆಂಚಿನ ವಯಸ್ಸಾದ ದಂಪತಿಯ ಪಿಸುಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ರೀ, ಇವತ್ತು ಕೈಹಿಡಿತ ಅಳೆಯೋ ಯಂತ್ರ ಕೊಟ್ಟಾಗ ಪೌರುಷ ತೋರಿಸ್ಬೇಡಿ. ಮುಳ್ಳು ಮೇಲೆ ಹೋದ್ರೆ, ಇನ್ನೂ ಶಕ್ತಿಯಿದೆ ಅಂತ ಬರೆದು, ನಿಮಗೆ ಸ್ನಾನ ಮಾಡಿಸೋಕೆ ಸರ್ಕಾರದಿಂದ ಬರೋಳನ್ನ ನಿಲ್ಲಿಸಿಬಿಡ್ತಾರೆ.”

“ಸುಳ್ಳಾಡು ಅಂತೀಯೇನೇ?”

“ಮನೇಲಿ ಹೇಗಿರ್ತೀರೋ ಹಾಗೇ ಇರಿ ಅಂತೀನಿ.”

“ಹೊರಗಿನೋರ ಮುಂದೆ ಮನೇಲಿದ್ದ ಹಾಗೆ ಇರೋಕಾಗುತ್ತಾ? ಜೀವಮಾನವೆಲ್ಲ ಸೋಯಾ ಹುದುಗಿಸಿ ಮಿಸೊ ಮಾಡೋ ಪೀಪಾಯಿಗೆ ಬಿದಿರಿನ ಪಟ್ಟಿ ಬಿಗಿದ ಕೈ ಕಣೇ ಇದು.”

“ಆ ಕೈ ಬೇರೆ, ಈ ಕೈ ಬೇರೆ.”

“ಕುರಾಶಿಗೆಯವರೇ” ಎಂದು ಒಳಗಿಂದ ಕರೆ ಬಂತು. ಮುದುಕ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಪರದೆಯಾಚೆ ನರ್ಸ್ ಹುಡುಗಿಯೊಬ್ಬಳು, “ಅಬ್ಬಾ, ಎಂಥ ಹಿಡಿತ ಅಜ್ಜಾ!” ಎಂದು ಚಪ್ಪಾಳೆ ತಟ್ಟಿದಳು. ಹೆಂಡತಿ ಹಣೆ ಚಚ್ಚಿಕೊಂಡಳು.

ಎದೆಯುಬ್ಬಿಸಿಕೊಂಡು ಹೊರಬಂದವನು ದೊಪ್ಪನೆ ಬೆಂಚಿನ ಮೇಲೆ ಕೂತ.

“ಹೋದ ಸಲಕ್ಕಿಂತ ಜಾಸ್ತಿಯಂತೆ.”

“ಸಂತೋಷ. ಇನ್ಮೇಲೆ ನಿಮ್ಮನ್ನ ಸ್ನಾನದ ತೊಟ್ಟಿಯಿಂದ ಎತ್ತೋಕೆ ಆ ಯಂತ್ರಾನೇ ಕರೀರಿ.”

ಅವನು ಎಡಗೈಯಿಂದ ಬಲಗೈಯ ಬೆರಳುಗಳನ್ನು ನೀವಿಕೊಂಡ.

“ಬಾಯಾರಿದೆ ಕಣೇ.”

ಅವಳು ಚಹಾದ ಬಾಟಲಿಗೆಂದು ಚೀಲಕ್ಕೆ ಕೈ ಹಾಕಿದಳು. ಗಂಡನಿಗೆ ಕಾಣದಂತೆ ಚೀಲದೊಳಗೇ ಮುಚ್ಚಳ ತಿರುಗಿಸಿ ಸಡಿಲ ಮಾಡಿದ್ದು ತೊಯೊಕೊಳ ಕಣ್ಣಿಗೆ ಬಿತ್ತು.

“ನನ್ನ ಕೈಲಾಗ್ತಿಲ್ಲ, ನೀವೇ ತೆಗೀರಿ.”

ಅವನು ಒಂದೇ ತಿರುವಿಗೆ ತೆಗೆದ.

“ನಾನಿಲ್ದೆ ಹೋದ್ರೆ ನಿನ್ನ ಗತಿಯೇನೇ?”

“ಅದೇ ಯೋಚನೆ ನನಗೂ” ಎಂದಳು. ಅವಳ ಭುಜ ಹಿಡಿದು ಅವನು ಮೇಲೆದ್ದ. ಇಬ್ಬರೂ ನಿಧಾನವಾಗಿ ಲಿಫ್ಟಿನತ್ತ ನಡೆದರು.